ನೀರು ನಿಂತ ಹೊಂಡ

ಗುಡ್ಡದ ಮೇಲಿನ ಆಶ್ರಮದ ಪಕ್ಕದಲ್ಲಿ ಒಂದು ಹಳೆಯ ಹೊಂಡ. ಅದರ ಹಣೆಬರಹ ನೋಡಿ, ಎಷ್ಟೇ ಮಳೆ ಸುರಿದರೂ ತಿಂಗಳೊಪ್ಪತ್ತಿನಲ್ಲಿ ನೀರೆಲ್ಲ ಮಾಯ. ಆದರೂ ಮಳೆಗಾಲಕ್ಕೆ ಮುಂಚೆ ಗುರುಗಳು ಶಿಷ್ಯರಿಂದ ತಪ್ಪದೆ ಅದರ ಹೂಳು ತೆಗೆಸುತ್ತಿದ್ದರು.

"ತೂತು ಹೊಂಡಕ್ಕೆ ಈ ಚಾಕರಿ ಬೇರೆ!" ಎಂದು ಶಿಷ್ಯ ಅಮರಯ್ಯ ಗೊಣಗುತ್ತಿದ್ದ.

ಗುರುಗಳು ಯಾತ್ರೆಗೆ ಹೋದ ವರ್ಷ ಅವನು ಹೂಳು ತೆಗೆಯಲಿಲ್ಲ. ತಳಕ್ಕೆ ಜೇಡಿಮಣ್ಣು ಸುರಿದು, ಎತ್ತುಗಳಿಂದ ಗಟ್ಟಿಯಾಗಿ ತುಳಿಸಿದ. ಮಳೆ ಬಂತು, ಹೊಂಡ ತುಂಬಿತು, ನೀರು ನಿಂತಿತು. ಅವನ ಸಂಭ್ರಮ ಕೇಳಬೇಕೆ!

ಬೇಸಿಗೆಯಲ್ಲಿ ಗುರುಗಳು ಮರಳಿದರು. ಅಮರಯ್ಯ ಕಾಲು ತೊಳೆಯಲೂ ಬಿಡದೆ ಅವರನ್ನು ಹೊಂಡದ ಬಳಿಗೆ ಕರೆದೊಯ್ದ.

"ನೋಡಿ ಗುರುಗಳೇ, ಒಂದು ಹನಿಯೂ ಕೆಳಗೆ ಹೋಗಿಲ್ಲ!"

ಗುರುಗಳು ಪಾಚಿಗಟ್ಟಿದ ನೀರನ್ನು ನೋಡಿದರು. "ಕೆಳಗಿನ ಹಟ್ಟಿಯ ಬಾವಿ ಹೇಗಿದೆ?"

"ಅದು ಸಂಕ್ರಾಂತಿಗೇ ಬತ್ತಿತು. ಪುಣ್ಯಕ್ಕೆ ನಮ್ಮ ಹೊಂಡ ಇತ್ತು, ಜನ ಇಲ್ಲಿಂದಲೇ ಹೊರುತ್ತಿದ್ದರು."

"ಈಗ ಯಾರೂ ಕಾಣುವುದಿಲ್ಲವಲ್ಲ?"

ಅಮರಯ್ಯ ತಡವರಿಸಿದ. "ಹಟ್ಟಿಯಲ್ಲಿ ವಾಂತಿಭೇದಿ, ಗುರುಗಳೇ."

ಗುರುಗಳು ಗುಡ್ಡ ಇಳಿದರು. ಅಮರಯ್ಯ ಹಿಂದೆಯೇ ನಡೆದ.

ಬಾವಿಯ ಪಕ್ಕದ ಗುಡಿಸಲಿನ ಬಾಗಿಲಲ್ಲಿ ಸಣ್ಣೀರಮ್ಮ ಖಾಲಿ ಕೊಡ ಹಿಡಿದು ಕೂತಿದ್ದಳು. ಗಂಡನನ್ನು ಮಣ್ಣು ಮಾಡಿ ಬಂದವಳು. ಒಳಗೆ ಪುಟ್ಟ ಮಗಳು ನರಳುತ್ತಿದ್ದಳು.

"ನೀರು ನೀರು ಅಂತೈತೆ ಸ್ವಾಮಿ. ಹೊಂಡದ್ದು ಕೊಡೋಕೆ ಕೈ ಬರಲ್ಲ. ಹೊಳೆಗೆ ಹೋದ್ರೆ ಬರೋಷ್ಟರಲ್ಲಿ ಹೊತ್ತು ಮುಳುಗ್ತೈತೆ, ಇದೊಂದನ್ನೇ ಹೆಂಗೆ ಬಿಟ್ಟು ಹೋಗಲಿ? ನಮ್ಮಜ್ಜಿ ಕಾಲದಿಂದ ಈ ಬಾವಿ ಬತ್ತಿದ್ದಿಲ್ಲ. ಏನು ಪಾಪ ಮಾಡಿದ್ವೋ!"

ಅಮರಯ್ಯ ಬಾವಿಯೊಳಗೆ ಬಗ್ಗಿ ನೋಡಿದ. ಗುಡ್ಡದ ಕಡೆಯ ಗೋಡೆಯಲ್ಲಿ, ಕಲ್ಲಿನ ಸಂದಿಗಳ ಕೆಳಗೆ ನೀರು ಹರಿದ ಹಳೆಯ ಕರೆಗಳಿದ್ದವು. ಎಲ್ಲ ಒಣಗಿತ್ತು.

"ಹೊಂಡದ ನೀರು ಇಲ್ಲಿಗೆ ಬರುತ್ತಿತ್ತೇ, ಗುರುಗಳೇ?"

"ನೆಲ ಅದನ್ನು ಕುಡಿದು, ಸೋಸಿ, ನಿಧಾನವಾಗಿ ಇವರಿಗೆ ಕೊಡುತ್ತಿತ್ತು."

"ಪಾಪ ನಿನ್ನದಲ್ಲ ತಾಯಿ, ನನ್ನದು," ಎಂದ ಅಮರಯ್ಯ. ಸಣ್ಣೀರಮ್ಮನಿಗೆ ಅದು ಕೇಳಿಸಲಿಲ್ಲ. ಒಳಗಿನ ನರಳಾಟ ನಿಂತಿತ್ತು. ಅವಳು ಕೊಡ ಬಿಸಾಕಿ ಒಳಗೆ ಓಡಿದಳು. ಮರುಕ್ಷಣ ಅವಳ ಕೂಗು ಹಟ್ಟಿಗೆಲ್ಲ ಕೇಳಿಸಿತು.

ಅಮರಯ್ಯ ಗುರುಗಳ ಕಾಲು ಹಿಡಿದ. "ಈಗಲೇ ಆ ಜೇಡಿಮಣ್ಣು ಕಿತ್ತು ಹಾಕುತ್ತೇನೆ. ಬಾವಿಗೆ ನೀರು ಯಾವಾಗ ಬರುತ್ತದೆ, ಹೇಳಿ!"

"ಮಳೆ ಬರಬೇಕು. ನೆಲದ ಬಾಯಾರಿಕೆ ತೀರಬೇಕು. ಬಾವಿಯ ಸರದಿ ಆಮೇಲೆ."

"ಅಲ್ಲಿಯವರೆಗೆ?"

ಗುರುಗಳು ಅಂಗಳದಲ್ಲಿ ಬಿದ್ದಿದ್ದ ಕೊಡವನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಹೊಳೆಯಿಂದ ನೀನು ಹೊರು. ಮೊದಲ ಕೊಡ ಆ ಮಗುವಿನ ಮೈ ತೊಳೆಯುವುದಕ್ಕೆ."