ಅರ್ಧ ನೀಲಿಕಲ್ಲು

"ಅವ್ವಾ, ಹಳೆಯ ಬಣ್ಣಗಳನ್ನು ಮಕ್ಕಳ ಕೈಗೆ ಕೊಡಲೋ, ಪೆಟ್ಟಿಗೆಯಲ್ಲಿಟ್ಟು ದೂರದಿಂದ ತೋರಿಸಲೋ?"

ಕೇಳಿದವಳು ಸಾವಂತ್ರಿ. ಅವಳಿಗೆ ಹೊಸದಾಗಿ ಒಂದು ಶಾಲೆಯಲ್ಲಿ ಚಿತ್ರ ಕಲಿಸುವ ಕೆಲಸ ಸಿಕ್ಕಿತ್ತು. ಹೊರಡುವಾಗ ಗುರು ಹಂಪವ್ವ ಅವಳಿಗೊಂದು ಪೆಟ್ಟಿಗೆ ಕೊಟ್ಟಿದ್ದಳು. ಅದರಲ್ಲಿ ಕೆಮ್ಮಣ್ಣಿನ ಗಡ್ಡೆ, ಅರಗಿನ ಬಿಲ್ಲೆ, ಶಂಖದ ಚೂರುಗಳು ಇದ್ದವು. ಒಂದು ತಿಂಗಳು ಕಳೆದರೂ ಸಾವಂತ್ರಿ ಪೆಟ್ಟಿಗೆಯ ಬೀಗ ತೆಗೆದಿರಲಿಲ್ಲ. ಅದನ್ನೇ ಕೇಳಲು ಈಗ ಗುರುವಿನ ಕೋಣೆಗೆ ಮರಳಿ ಬಂದಿದ್ದಳು.

"ನಮ್ಮ ಹೆಡ್ಮಾಸ್ತರರು ನಗುತ್ತಾರೆ. 'ನಿನ್ನಿಂದ ಆಗದಮ್ಮಾ, ಈ ಹುಡುಗರು ಒಂದೇ ದಿನದಲ್ಲಿ ಎಲ್ಲ ಹಾಳು ಮಾಡುತ್ತಾರೆ' ಎನ್ನುತ್ತಾರೆ. ಇಂಥವು ಈಗ ಎಲ್ಲಿ ಸಿಗುತ್ತವೆ? ಮುಗಿದರೆ ಮುಗಿದೇ ಹೋಯಿತು."

ಹಂಪವ್ವನ ಮುಖ ಅರಳಿತು. "ಆಗದು ಅಂದರಾ? ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ. ಗೋಡೆಗೆ ಒರಗಿ ಕೂತುಕೋ" ಎಂದಳು. ಆ ಗೋಡೆಯ ಮೇಲೆ, ನೆಲದಿಂದ ಸೊಂಟದೆತ್ತರದವರೆಗೆ, ಮಾಸಿದ ನೀಲಿ ಬಣ್ಣವಿತ್ತು. ಸಾವಂತ್ರಿ ಅದಕ್ಕೆ ಒರಗಿ ಕೂತಳು. ಹಂಪವ್ವ ಹೇಳತೊಡಗಿದಳು.

ಒಬ್ಬ ಹೆಂಗಸಿದ್ದಳು. ಅವಳಿಂದ ಆಗದು ಎಂದು ಮೊದಲು ಹೇಳಿದವನು ಒಬ್ಬ ಚಿತ್ರಗಾರ. ಅವನ ಪಡಸಾಲೆಯಲ್ಲಿ ಕೂತು ಅವಳು ಬಣ್ಣ ಅರೆಯುತ್ತಿದ್ದಳು. ಅವಳಿಗೆ ಓದು ಯಾರೂ ಕಲಿಸಲಿಲ್ಲ. ಭರಣಿಗಳ ಮೇಲೆ ಬಣ್ಣಗಳ ಹೆಸರು ಬರೆದ ಚೀಟಿಗಳಿದ್ದವು. ಕೆಂಪು ತುಂಬಿದ ಭರಣಿಯ ಮೇಲೆ ಕೆಂಪು ಎಂದೇ ಬರೆದಿರಬೇಕು ಎಂದು ಅವಳು ಲೆಕ್ಕ ಹಾಕಿದಳು. ಕಪ್ಪಿನ ಭರಣಿಯನ್ನು ಪಕ್ಕಕ್ಕಿಟ್ಟು ನೋಡಿದಳು. ಎರಡರಲ್ಲೂ 'ಕ' ಸಿಕ್ಕಿತು. ಆ ದಿನ ಅವಳು ಊಟ ಮರೆತಳು. ಹೀಗೆ ಬಣ್ಣ ಹಿಡಿದು ಅಕ್ಷರ ಕಲಿತಳು, ಅಕ್ಷರ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದಳು.

ಒಂದು ದಿನ ಅವಳು ಚಿತ್ರಗಾರನಿಗೆ ಹೇಳಿದಳು: "ನಾನು ಶಾಲೆಯ ಮಕ್ಕಳಿಗೆ ಬಣ್ಣ ಕಲಿಸುತ್ತೇನೆ."

ಚಿತ್ರಗಾರ ಕುಂಚ ಕೆಳಗಿಟ್ಟು ನಕ್ಕನು. "ಅರೆಯುವವಳು ಮೇಷ್ಟರಾದರೆ ಕುಂಚ ತೊಳೆಯುವವನು ಸುಮ್ಮನಿರುತ್ತಾನಾ? ಅವನು ದಿವಾನಗಿರಿ ಕೇಳುತ್ತಾನೆ. ನಿನ್ನಿಂದ ಆಗದು. ಹೋಗು. ಇದನ್ನೂ ತೆಗೆದುಕೊಂಡು ಹೋಗು." ಕಿಟಕಿಯಲ್ಲಿ ಧೂಳು ತಿನ್ನುತ್ತಿದ್ದ ಒಂದು ನೀಲಿಕಲ್ಲನ್ನು ಅವಳ ಕೈಗೆ ಹಾಕಿದನು. "ಇದರಿಂದ ನಮ್ಮ ಅಜ್ಜನಿಗೂ ಬಣ್ಣ ಬರಲಿಲ್ಲ. ನಿನಗೆ ಬಂದರೆ ನನ್ನ ಕುಂಚ ನಿನ್ನ ಕಾಲ ಬಳಿ ಇಡುತ್ತೇನೆ."

ಅವಳು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ತಾನು ಬಣ್ಣ ಅರೆಯುತ್ತಿದ್ದ ಅರೆಗಲ್ಲನ್ನು ಹೊತ್ತುಕೊಂಡು ಹೊರಟಳು.

ಶಾಲೆಯ ಮೇಷ್ಟರು ಬಾಗಿಲಲ್ಲೇ ತಡೆದರು. ಹಲಗೆ ಕಪ್ಪು, ಬಳಪ ಬಿಳಿ, ಮಕ್ಕಳಿಗೆ ಅಷ್ಟು ಸಾಕು ಎಂದರು. ಅವಳು ಒಳಗೆ ಇಣುಕಿ ನೋಡಿದಳು. ಮಕ್ಕಳು ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದರು. ಮನೆ ಕಪ್ಪು, ಮರ ಕಪ್ಪು, ಮೇಲಿನ ಆಕಾಶವೂ ಕಪ್ಪು. ಇದನ್ನು ನೋಡಿದ ಮೇಲೆ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

ಮೇಷ್ಟರಿಗೆ ಸಾಕಾಯಿತು. "ಸರಿ. ಹಿಂದೆ ಒಂದು ಪಾಳು ಕೋಣೆ ಇದೆ. ಶಾರದಾ ಪೂಜೆಯ ದಿನಕ್ಕೆ ಅದರ ಗೋಡೆಯ ಮೇಲೆ ಆಕಾಶ ತೋರಿಸು. ತೋರಿಸಿದರೆ ಕೋಣೆ ನಿನ್ನದು, ಮಕ್ಕಳಿಗೆ ಬಣ್ಣ ಕಲಿಸು. ಇಲ್ಲದಿದ್ದರೆ ಈ ಅರೆಗಲ್ಲು ಹೊತ್ತುಕೊಂಡು ಬಂದ ದಾರಿ ಹಿಡಿ" ಎಂದರು.

ಅವಳು ಮಕ್ಕಳನ್ನು ಸಾಲಾಗಿ ಕೂರಿಸಿದಳು. ಯಾರೂ ಮುಟ್ಟಬಾರದು ಎಂದಳು. ಕೆಮ್ಮಣ್ಣು ತೋರಿಸಿದಳು, ದೀಪದ ಕಾಡಿಗೆ ತೋರಿಸಿದಳು, ಶಂಖದ ಬಿಳಿ ತೋರಿಸಿದಳು. ಮಕ್ಕಳು ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದನು. ನೀಲಿ ಬರಲಿ, ಆಗ ನೋಡುತ್ತೀರಿ ಎಂದುಕೊಂಡಳು.

ನೀಲಿಕಲ್ಲನ್ನು ಒಡೆದು ಎರಡು ಭಾಗ ಮಾಡಿದಳು. ಒಂದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಇನ್ನೊಂದನ್ನು ಅರೆಯತೊಡಗಿದಳು. ಅವಳಿಗೆ ಗೊತ್ತಿದ್ದದ್ದು ಚಿತ್ರಗಾರನ ಮನೆಯ ಪದ್ಧತಿ ಒಂದೇ. ಅಲ್ಲಿ ಇಂಗಳೀಕವೆಂಬ ಕೆಂಪು ಕಲ್ಲನ್ನು ಅರೆದಷ್ಟೂ ಕೆಂಪೇರುತ್ತಿತ್ತು. ಉಗುರಿಗೆ ಒಂದು ಹರಳೂ ಸಿಗದಂತೆ ನುಣ್ಣಗಾಗುವವರೆಗೆ ಕೈ ನಿಲ್ಲಿಸಬಾರದು.

ಸ್ವಲ್ಪ ಹೊತ್ತಿಗೆ ಅರೆಗಲ್ಲಿನ ಮೇಲೆ ನೀಲಿ ಕಂಡಿತು. ಮುಂದೆ ಕೂತ ಒಬ್ಬ ಹುಡುಗಿ ಎದ್ದು ನಿಂತು ಕೂಗಿದಳು: "ಬಂತಕ್ಕಾ! ನೀಲಿ ಬಂತು! ಸಾಕು, ನಿಲ್ಲಿಸಕ್ಕಾ!"

"ಬಾಯಿ ಮುಚ್ಚಿ ಕೂತುಕೋ. ಇದು ಇನ್ನೂ ತರಿತರಿಯಾಗಿದೆ. ನಿನಗೇನು ಗೊತ್ತು?"

ಅವಳು ಅರೆದಳು. ನೀಲಿ ಬಿಳಿಚಿಕೊಂಡಿತು. ಅರೆದದ್ದು ಸಾಲದೆಂದು ಮತ್ತೂ ಅರೆದಳು. ಸಂಜೆಗೆ ಅರೆಗಲ್ಲಿನ ಮೇಲೆ ವಿಭೂತಿಯಷ್ಟು ನುಣ್ಣನೆಯ ಪುಡಿ ಇತ್ತು. ಅದರ ಬಣ್ಣವೂ ವಿಭೂತಿಯದೇ. ಚಿತ್ರಗಾರನ ಅಜ್ಜನೂ ಹೀಗೆಯೇ ಅರೆದಿರಬೇಕು, ಬೂದಿಯನ್ನು ಕಂಡು ಕಲ್ಲಿನ ಮೇಲೆ ತಪ್ಪು ಹೊರಿಸಿರಬೇಕು.

ಮೇಷ್ಟರು ಬಂದು ಬಗ್ಗಿ ನೋಡಿದರು. "ಒಳ್ಳೆಯ ವಿಭೂತಿ. ನಾಳೆ ಪೂಜೆಗೆ ಆಯಿತು" ಎಂದು ಹೋದರು.

ಮರುದಿನವೇ ಶಾರದಾ ಪೂಜೆ. ಪೆಟ್ಟಿಗೆಯಲ್ಲಿ ಅರ್ಧ ಕಲ್ಲು ಉಳಿದಿತ್ತು. ಅರೆದರೆ ಅದೂ ಬೂದಿ. ಅರೆಯದಿದ್ದರೆ ಕೋಣೆ ಹೋಯಿತು. ಬೆಳಿಗ್ಗೆ ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೋಣೆಯಲ್ಲಿ ಕೂತಿದ್ದಳು. ಆ ಹುಡುಗಿ ಉಳಿದ ಮಕ್ಕಳನ್ನೆಲ್ಲ ಎಳೆದುಕೊಂಡು ಬಂದಳು.

"ಅಕ್ಕಾ, ಕೊಡು. ನಾವು ಅರೆಯುತ್ತೇವೆ."

"ಹೋಗ್ರೇ, ನಿಮ್ಮಿಂದ ಆಗದು."

ಹೇಳಿದ ಕೂಡಲೇ ಅವಳು ಬೆಚ್ಚಿದಳು. ಈ ಮಾತನ್ನು ಅವಳು ಎಲ್ಲಿ ಕೇಳಿದ್ದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರಗಾರನ ಮಾತು ಅವಳ ಬಾಯಿಂದ ಬಂದಿತ್ತು. ಅವಳಿಗೆ ತನ್ನ ಮೇಲೆಯೇ ಎಷ್ಟು ಸಿಟ್ಟು ಬಂತೆಂದರೆ, ಬೀಗದ ಕೈ ಹುಡುಕುವಷ್ಟೂ ತಾಳ್ಮೆ ಉಳಿಯಲಿಲ್ಲ. ಗುಂಡುಕಲ್ಲಿನಿಂದ ಬೀಗವನ್ನೇ ಕುಟ್ಟಿ ತೆಗೆದಳು. ಒಳಗಿದ್ದ ನೀಲಿಕಲ್ಲನ್ನು ಹುಡುಗಿಯ ಕೈಗೆ ಹಾಕಿದಳು.

ಮಕ್ಕಳು ಅರೆಗಲ್ಲಿನ ಮೇಲೆ ಮುಗಿಬಿದ್ದರು. ನನಗೆ, ನನಗೆ ಎಂದು ತಳ್ಳಾಡಿದರು. ಒಬ್ಬ ಕುಟ್ಟಿದನು, ಒಬ್ಬಳು ಅರೆದಳು, ಇನ್ನೊಬ್ಬ ಅವಳ ಕೈಯಿಂದ ಕಿತ್ತುಕೊಂಡನು. ಯಾರಿಗೂ ತಾಳ್ಮೆ ಇರಲಿಲ್ಲ. ನೀಲಿ ಕಂಡದ್ದೇ ತಡ, ಬಂತು ಬಂತು ಎಂದು ಕುಣಿದರು. ಹರಳು ಹರಳಾಗಿದ್ದಾಗಲೇ ಬಾಚಿಕೊಂಡರು. ಇನ್ನೂ ನುಣ್ಣಗಾಗಲಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ಜಾಲಿಯ ಅಂಟನ್ನು ನೀರಿಗೆ ಕಲಸಿ ಸುರಿದುಕೊಟ್ಟಳು.

ಕುಂಚ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮಕ್ಕಳು ಅಂಗೈ ಅದ್ದಿ ಗೋಡೆಗೆ ಬಡಿದರು. ಬಡಿದಲ್ಲೆಲ್ಲ ನೀಲಿ. ಬಾಗಿಲಿನ ಬಿಸಿಲು ಬಿದ್ದ ಕಡೆ ಹರಳುಗಳು ಮಿಂಚಿದವು. ನಗೆ, ಕೂಗು, ಕೆಸರು. ಆಕಾಶ ಮಕ್ಕಳ ಕೈ ಎಟಕುವಷ್ಟು ಎತ್ತರಕ್ಕೆ ಬಂದು ನಿಂತಿತು. ಅವಳೂ ಕಡೆಗೆ ತನ್ನ ಅಂಗೈ ಅದ್ದಿದಳು.

ಮೇಷ್ಟರು ಬಂದರು. ಗೋಡೆಗೆ ಬೆರಳು ಒತ್ತಿದರು, ಬೆರಳನ್ನು ನೋಡಿಕೊಂಡರು. ಆಮೇಲೆ ಹೇಳಿದರು: "ಮಳೆಗಾಲದಲ್ಲಿ ಈ ಕೋಣೆ ಸೋರುತ್ತದೆ. ಆಮೇಲೆ ನನ್ನ ಹತ್ತಿರ ಬಂದು ಜಗಳ ಮಾಡಬೇಡ."

ಸುದ್ದಿ ಕೇಳಿ ಚಿತ್ರಗಾರನೂ ಬಂದನು. ಬಹಳ ಹೊತ್ತು ಗೋಡೆಯನ್ನು ನೋಡಿದನು. ಕುಂಚವನ್ನು ಅವಳ ಕಾಲ ಬಳಿ ಇಡಲಿಲ್ಲ. ಅವಳೂ ಕೇಳಲಿಲ್ಲ.

ಹಂಪವ್ವ ಕತೆ ನಿಲ್ಲಿಸಿದಳು. ಸಾವಂತ್ರಿ ಹಿಂದಕ್ಕೆ ತಿರುಗಿ ತಾನು ಒರಗಿದ್ದ ಗೋಡೆಯನ್ನು ನೋಡಿದಳು. ಮಾಸಿದ ನೀಲಿಯ ಅಂಚಿನಲ್ಲಿ ಪುಟ್ಟ ಪುಟ್ಟ ಅಂಗೈಗಳ ಗುರುತುಗಳಿದ್ದವು. ಅವುಗಳ ಮೇಲೆ ಒಂದು ದೊಡ್ಡ ಅಂಗೈಯ ಗುರುತಿತ್ತು. ಅವಳು ನೆಟ್ಟಗೆ ಕೂತಳು.

"ಅವ್ವಾ, ಅಂಥ ಕಲ್ಲು ಆಮೇಲೆ ಸಿಕ್ಕಿತೇ?"

"ಇಲ್ಲ. ಹುಡುಕದ ಜಾಗವಿಲ್ಲ. ಈಗ ಅವಳದು ಅಂತ ಸೋರುವ ಈ ಕೋಣೆ ಇದೆ, ಅರೆಗಲ್ಲಿದೆ, ಬೀಗ ಮುರಿದ ಪೆಟ್ಟಿಗೆ ಇದೆ, ಒಂದು ಡಬ್ಬಿ ಬೂದಿ ಇದೆ. ಇಲ್ಲಿ ಕಲಿತು ಹೋದ ಮಕ್ಕಳು ಊರೂರಲ್ಲಿದ್ದಾರೆ. ಇಷ್ಟೆಲ್ಲಕ್ಕೆ ತೆತ್ತ ಬೆಲೆ ಆ ಇಡೀ ನೀಲಿಕಲ್ಲು."

"ಉಳಿದ ಅರ್ಧದಲ್ಲಿ ಒಂದು ಚೂರನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳಬಹುದಿತ್ತಲ್ಲವ್ವಾ?"

"ಇಟ್ಟುಕೊಂಡಿದ್ದರೆ ಇವತ್ತು ಅವಳ ಹತ್ತಿರ ಬರೀ ಒಂದು ಕಲ್ಲು ಇರುತ್ತಿತ್ತು."