ಜೇನುಬಣ್ಣದ ಬಸವನಹುಳು

"ಗುರುಗಳೇ, ಒಂದು ಪದ್ಯಕ್ಕೆ ನಾನು ಕಷ್ಟಪಟ್ಟು ಕಂಡುಕೊಂಡ ಅರ್ಥವನ್ನು ಹಿರಿಯರೊಬ್ಬರು ಎಂದೋ ಹೇಳಿಬಿಟ್ಟಿದ್ದಾರಂತೆ. ನನ್ನ ಶ್ರಮವೆಲ್ಲ ನೀರುಪಾಲಾಯಿತಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ನಗು ಬಂತು. "ಕುಳಿತುಕೋ. ಮುಖ ಊದಿಸಿಕೊಂಡು ಬರುವವರಿಗೆಂದೇ ಒಂದು ಕತೆ ಇಟ್ಟುಕೊಂಡಿದ್ದೇನೆ" ಎಂದು ಹೇಳತೊಡಗಿದರು.

ಕಡಲ ತೀರದಲ್ಲಿ ಒಬ್ಬ ವಿದ್ವಾಂಸನಿದ್ದ. ಕಡಲಿನ ಪುಟ್ಟ ಬಸವನಹುಳುಗಳನ್ನು ಚಿಪ್ಪು ನೋಡಿ ಗುರುತಿಸುವುದು ಅವನ ವಿದ್ಯೆ. ಮರಳನ್ನು ಜರಡಿ ಹಿಡಿದು, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ, ಭೂತಗನ್ನಡಿಯಲ್ಲಿ ನೋಡುತ್ತಿದ್ದ. ಅವನು ಕೆಲಸಕ್ಕೆ ಕುಳಿತರೆ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಒಂದು ಸೀನು ಬಂದರೆ ಸಾಕು, ಚಿಪ್ಪುಗಳೆಲ್ಲ ಹಾರಿಹೋಗುತ್ತಿದ್ದವು. ಪಾಪ, ಅವನ ಹೆಂಡತಿ ಸಪ್ಪೆ ಸಾರಿನಲ್ಲೇ ಸಂಸಾರ ಮಾಡಿದಳು.

ಅವನಿಗಿದ್ದದ್ದು ಒಂದೇ ಆಸೆ. ಯಾರೂ ಕಾಣದ ಜಾತಿಯೊಂದನ್ನು ಕಾಣಬೇಕು, ಅದಕ್ಕೆ ಹೆಸರಿಡಬೇಕು, ಗ್ರಂಥದಲ್ಲಿ ಆ ಹೆಸರಿನ ಪಕ್ಕ ತನ್ನ ಹೆಸರು ನಿಲ್ಲಬೇಕು.

ಒಂದು ದಿನ ಅಂಥದ್ದು ಸಿಕ್ಕಿತು. ಸಾಸಿವೆಯಷ್ಟು ಚಿಪ್ಪು. ಜೇನಿನ ಬಣ್ಣ, ನುಣುಪು ಮೈ, ಸುರುಳಿಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆ. ಯಾವ ಗ್ರಂಥದಲ್ಲೂ ಅದರ ಸುದ್ದಿ ಇರಲಿಲ್ಲ. ವಿದ್ವಾಂಸ ಹಿರಿಹಿರಿ ಹಿಗ್ಗಿದ. ಸುರುಳಿ, ಗೆರೆ, ಬಾಯಿಯ ಆಕಾರ ಎಲ್ಲವನ್ನೂ ವರ್ಣಿಸಿ ಬರೆದು, ಅದಕ್ಕೆ ಹೆಂಡತಿಯ ಹೆಸರಿಟ್ಟ.

ಕೊನೆಗೊಮ್ಮೆ ಹೋಲಿಸಿ ನೋಡಲೆಂದು, ದಡದ ತುಂಬ ಬಿದ್ದಿರುವ ಬೂದುಬಣ್ಣದ ಬಸವನಹುಳುವೊಂದನ್ನು ಕನ್ನಡಿಯ ಕೆಳಗಿಟ್ಟ. ಅದರದು ಒರಟು ಚಿಪ್ಪು. ತುದಿಯನ್ನು ಅಲೆಗಳು ಯಾವಾಗಲೂ ತೇಯ್ದುಬಿಟ್ಟಿರುತ್ತವೆ. ಇದು ಪಾಚಿಯೊಳಗೆ ಸಿಕ್ಕಿದ್ದು, ತುದಿ ಉಳಿದಿತ್ತು. ನೋಡುತ್ತಾನೆ, ಆ ತುದಿಯಲ್ಲಿ ಅದೇ ಜೇನಿನ ಬಣ್ಣ, ಅದೇ ನುಣುಪು, ಅದೇ ಗೆರೆ! ಬಸವನಹುಳು ಹುಟ್ಟಿದಾಗಿನ ಚಿಪ್ಪನ್ನು ಕಳಚಿ ಎಸೆಯುವುದಿಲ್ಲ. ಅದನ್ನು ತುದಿಯಲ್ಲಿ ಉಳಿಸಿಕೊಂಡೇ ಸುರುಳಿ ಸೇರಿಸುತ್ತ ಬೆಳೆಯುತ್ತದೆ. ಅವನ ಹೊಸ ಜಾತಿಯೆಂಬುದು ಈ ಹಳೆಯದರ ಮರಿಯಾಗಿತ್ತು.

ಒಂದು ಗಳಿಗೆ ಎರಡು ಚಿಪ್ಪುಗಳನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದ. ಮರುಗಳಿಗೆ ಬರೆದ ಹಾಳೆಯನ್ನು ಹರಿದುಹಾಕಿ, "ಇದು ಮರಿ ಕಣೇ, ಮರಿ!" ಎಂದು ಕೂಗುತ್ತ ಬಿದ್ದುಬಿದ್ದು ನಕ್ಕ.

ಹೆಂಡತಿ ಓಡಿಬಂದಳು. "ಹಾಗಾದರೆ ನನ್ನ ಹೆಸರು ಹೋಯಿತೇನ್ರೀ? ಮತ್ತೆ ನಗುತ್ತೀರಲ್ಲ!"

"ಹೋದರೆ ಹೋಗಲಿ! ದಿನಾ ತುಳಿದುಕೊಂಡು ಓಡಾಡುವ ಈ ಹುಳ ಮಗುವಾಗಿದ್ದಾಗ ಇಷ್ಟು ಚೆಂದವಿತ್ತು ಅಂತ ಯಾರಿಗೂ ಗೊತ್ತೇ ಇರಲಿಲ್ಲ. ಬಾ, ನೋಡು ಬಾ!"

ಅವಳೂ ಕನ್ನಡಿಯಲ್ಲಿ ಕಣ್ಣಿಟ್ಟಳು. ಅಂದು ಇಬ್ಬರಿಗೂ ಊಟದ ನೆನಪೇ ಆಗಲಿಲ್ಲ.

ಕತೆ ಮುಗಿದಾಗ ಶಿಷ್ಯನ ಮುಖ ಅರಳಿತ್ತು. "ಎಂಥ ವಿದ್ವಾಂಸ! ಅವನ ಹೆಸರೇನು, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಬೆನ್ನು ತಟ್ಟಿ ಹೇಳಿದರು: "ಬಸವನಹುಳುವಿನ ಹೆಸರು ಕೇಳಬೇಕೆಂದು ನಿನಗೆ ಅನಿಸಲೇ ಇಲ್ಲವಲ್ಲ, ಮಗು."