ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟದ್ದು

ಭೂಮಿಯ ಮೈ ಇನ್ನೂ ಆರದ ಕಾಲ. ಎಲ್ಲಿ ಕೂರಬೇಕೆಂದು ಗುಡ್ಡಗಳಿಗೆ ಆಗಷ್ಟೇ ಗೊತ್ತಾಗಿತ್ತು. ಆಗ ಗರಿಕೆ ಹುಲ್ಲು ಜೋಳದ ದಂಟಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಅದಕ್ಕೆ ಇದ್ದದ್ದು ಒಂದೇ ಒಂದು ಬೇರು.

ಒಂದು ಗುಡ್ಡದ ಮೇಲೊಂದು ಹಟ್ಟಿ, ಕೆಳಗೊಂದು ಹಟ್ಟಿ. ನಡುವೆ ಗುಡ್ಡದ ಪಕ್ಕೆಗೆ ಅಂಟಿಕೊಂಡ ಒಂದೇ ಕಾಲುದಾರಿ. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ಮಳೆಗಾಲಕ್ಕೆ ಮುಂಚೆ ಎರಡೂ ಹಟ್ಟಿಯವರು ಮನೆಗೊಬ್ಬರಂತೆ ಬಂದು ಅದನ್ನು ಸರಿಮಾಡುತ್ತಿದ್ದರು. ಯಾರೂ ಕರೆಯಬೇಕಿರಲಿಲ್ಲ, ಯಾರೂ ಕೂಲಿ ಕೇಳುತ್ತಿರಲಿಲ್ಲ.

ಆ ವರ್ಷ ಮೇಲಿನ ಹಟ್ಟಿಯ ಕೆಂಚವ್ವ ತುಂಬು ಬಸುರಿ. ಸೂಲಗಿತ್ತಿ ದ್ಯಾವವ್ವ ಇದ್ದದ್ದು ಕೆಳಗಿನ ಹಟ್ಟಿಯಲ್ಲಿ. ಮುದುಕಿ ಅವಸರದಲ್ಲಿ ಬಂದರೂ ಎಡವಬಾರದೆಂದು ಜನ ಮೈಮುರಿದು ದುಡಿದರು. ಕಲ್ಲು ಕಿತ್ತರು, ತಗ್ಗು ತುಂಬಿದರು. ಮಳೆನೀರು ದಾರಿ ದಾಟಿ ಇಳಿಯಲೆಂದು ಅಡ್ಡಲಾಗಿ ಒಂದು ಸಣ್ಣ ಕಾಲುವೆಯಿತ್ತು. ಅದೂ ಅವರಿಗೆ ತಗ್ಗಾಗಿಯೇ ಕಂಡಿತು. ಅದನ್ನೂ ಮುಚ್ಚಿ, ಮಣ್ಣು ಬಡಿದು, ಅಂಗಳದ ಹಾಗೆ ನುಣುಪು ಮಾಡಿದರು.

"ನೋಡು ಭಾವ, ನಿನ್ನ ತಲೆಗಿಂತ ನುಣ್ಣಗಾಯ್ತು!" ಎಂದು ಅವರಲ್ಲೊಬ್ಬನಾದ ಮಾಳಿಗ ತನ್ನ ಬೋಳುತಲೆಯ ಭಾವನನ್ನು ಕೆಣಕಿದ. ಎಲ್ಲರೂ ನಕ್ಕರು.

ದಾರಿಯಂಚಿನ ಗರಿಕೆ ಮಾತ್ರ ನಗಲಿಲ್ಲ. "ಗಾಳಿಯಣ್ಣ, ಇನ್ನು ನೀರು ಎಲ್ಲಿಂದ ಹೋಗಬೇಕು?"

"ಮಳೆಯನ್ನೇ ಕೇಳು. ಹಿಂದೆಯೇ ಬರ್ತಾ ಇದೆ," ಎಂದಿತು ಗಾಳಿ.

ಮಧ್ಯಾಹ್ನಕ್ಕೆ ಮಳೆ ಸುರಿಯಿತು. ಗುಡ್ಡದಿಂದ ಇಳಿದ ನೀರು ದಾರಿಯ ಬಳಿ ತಡೆದು ನಿಂತಿತು.

"ನನ್ನ ಕಾಲುವೆ ಎಲ್ಲಿ?"

"ಮುಚ್ಚಿಬಿಟ್ಟಿದ್ದಾರೆ, ನೀರಕ್ಕ."

"ಹಾಗಾದರೆ ಅವರ ದಾರಿಯೇ ನನ್ನ ದಾರಿ," ಎಂದು ನೀರು ಕಾಲುದಾರಿಯ ಉದ್ದಕ್ಕೂ ಓಡತೊಡಗಿತು. ಹೊಸ ಮಣ್ಣು ಕರಗಿತು. ಅಂಚು ಹೆಂಟೆಹೆಂಟೆಯಾಗಿ ಕಣಿವೆಗೆ ಬಿತ್ತು.

ಅಷ್ಟರಲ್ಲಿ ಮೇಲಿನಿಂದ ಕೂಗು. "ದ್ಯಾವವ್ವಾ! ಬೇಗ ಬಾರೇ! ಕೆಂಚವ್ವನಿಗೆ ನೋವು ಶುರುವಾಯ್ತು!"

ಮುದುಕಿ ಕಂಬಳಿ ಹೊದ್ದು ಹೊರಟೇಬಿಟ್ಟಳು.

"ನೀರಕ್ಕಾ, ತಡಿ! ಅಜ್ಜಿ ಬರ್ತಿದ್ದಾಳೆ!" ಎಂದು ಗರಿಕೆ ಗೋಗರೆಯಿತು.

"ನಿಲ್ಲೋದು ನನ್ನ ಕೈಲಿಲ್ಲ ತಂಗಿ. ಮಣ್ಣು ಹಿಡಿಯೋಕಾದರೆ ನೀನೇ ಹಿಡಿ."

ಗರಿಕೆ ಅಂಚಿನುದ್ದಕ್ಕೂ ಮಲಗಿತು. ಇದ್ದ ಒಂದು ಬೇರು ಸಾಲಲಿಲ್ಲ. ಒಂದು ಗೆಣ್ಣನ್ನು ನೆಲಕ್ಕೆ ಒತ್ತಿತು, ಅಲ್ಲೊಂದು ಬೇರು ಇಳಿಯಿತು. ಸಾಲಲಿಲ್ಲ. ಇನ್ನೊಂದು ಗೆಣ್ಣು ಒತ್ತಿತು. ಸಾಲಲಿಲ್ಲ. ಮತ್ತೊಂದು, ಮಗದೊಂದು.

ಮುದುಕಿಯ ಪಾದ ಅದರ ಬೆನ್ನ ಮೇಲೆ ಬಿತ್ತು. ಜಾರಿತು. ಗರಿಕೆ ಮಣ್ಣನ್ನು ಬಿಗಿಹಿಡಿಯಿತು. ಪಾದ ಊರಿತು.

"ಯಾರವ್ವ ನೀನು, ನನ್ನ ಕಾಲಡಿ?"

"ಮಾತು ಆಮೇಲೆ ಅಜ್ಜಿ, ನಡಿ! ನಡಿ!"

ಮುದುಕಿ ಗುಡ್ಡದ ತಿರುವಿನಲ್ಲಿ ಮರೆಯಾದಳು. ಮಳೆ ಬಿಡಲಿಲ್ಲ. ಗರಿಕೆಯೂ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಮೇಲಿನ ಹಟ್ಟಿಯಿಂದ ಎಳೆಗೂಸಿನ ಅಳು ಕೇಳಿಸಿತು.

ಮಾರನೆಯ ದಿನ ಜನ ಗುದ್ದಲಿ ಹಿಡಿದು ಬಂದರು. ಮೊದಲು ನೀರಿಗೆ ದಾರಿ ಬಿಡಿಸಿದರು, ಆಮೇಲೆ ತಮ್ಮ ದಾರಿ ಕಟ್ಟಿದರು. ಮನೆಗೆ ಮರಳುತ್ತಿದ್ದ ದ್ಯಾವವ್ವ ಬಗ್ಗಿ ಗರಿಕೆಯನ್ನು ಸವರಿದಳು. "ಇನ್ನು ಏಳೇ ತಾಯಿ."

"ಏಳೋದಾ? ನಾನು ಎದ್ದ ಹೊತ್ತಿಗೇ ಯಾರಾದರೂ ಬಂದರೆ?"

ಅದಕ್ಕೇ ಮಗು, ಇವತ್ತಿಗೂ ಗರಿಕೆ ಕಾಲುದಾರಿಯ ಅಂಚಿನಲ್ಲಿ ಮಲಗಿ, ಗೆಣ್ಣುಗೆಣ್ಣಿಗೂ ಬೇರು ಇಳಿಸಿ ಮಣ್ಣು ಹಿಡಿದಿರುತ್ತದೆ. ಮಳೆಯಿಲ್ಲದ ಬಿರುಬಿಸಿಲಿನಲ್ಲೂ ನೀನು ಎಷ್ಟು ಎಳೆದರೂ ಬಿಡುವುದಿಲ್ಲ.